ಮಾಧ್ಯಮ ಹಗರಣದ ಹೊಸ ನಾಟಕ: ನಗಬಾರದ ಕಡೆ ನಗು, ಸಂವಾದದಲ್ಲಿ ಪಕ್ಷಗಳ ಜಗಳ. ಪ್ರತಿಕ್ರಿಯೆಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು?

ಮುನ್ನೆಲೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ತಂಡದ ಹೊಸ ರಾಜಕೀಯ ನಾಟಕವೊಂದರ ಪ್ರದರ್ಶನಗಳು ನಡೆಯುತ್ತಿವೆ. ಪತ್ರಿಕೆಯೊಂದರ ವರದಿಗಾರರು ಕಾಣೆಯಾದ ಹುಡುಗಿಯ ಫೋನಿನಲ್ಲಿರುವ ಧ್ವನಿಸಂದೇಶಗಳನ್ನು (ವಾಯ್ಸ್‌ಮೇಲ್, ಕರೆ ಎತ್ತದಿದ್ದಾಗ ಕರೆ ಮಾಡಿದವರು ಬಿಟ್ಟ ಮಾತು) ಕದ್ದು ಕೇಳುತ್ತಾರೆ. ಪೊಲೀಸ್ ಅಧಿಕಾರಿಗೆ ಅದು ಗೊತ್ತಿದ್ದರೂ ಸುಮ್ಮನಿರುತ್ತಾನೆ, ಮಂತ್ರಿಗೆ ಚುನಾವಣೆಗೆ ಅದೇ ಪತ್ರಿಕೆಯ ಬೆಂಬಲ ಬೇಕು. ಅವಧಿ 2 ಗಂಟೆ 10 ನಿಮಿಷ, ನಡುವೆ ಒಂದು ಮಧ್ಯಂತರ.

ಮೊದಲರ್ಧದ ಸಂಪಾದಕೀಯ ಸಭೆಗಳಿಗೆ ಸಭಾಂಗಣವೇ ನಗುತ್ತೆ, ಅದು ಬೇಕಾದದ್ದೇ. ಆದರೆ ದ್ವಿತೀಯಾರ್ಧದಲ್ಲಿ ತಾಯಿ ಮಗಳ ಫೋನಿನ ಸಂದೇಶ ಕೇಳುವಾಗಲೂ ಒಂದಷ್ಟು ಜನ ನಗುತ್ತಾರೆ. ಕೊನೆಯಲ್ಲಿ ಸಂಪಾದಕಿ ತನ್ನನ್ನು ತಾನೇ ಸಮರ್ಥಿಸಿಕೊಳ್ಳುವ ಮಾತಿಗೆ ದೊಡ್ಡ ಚಪ್ಪಾಳೆ ಬೀಳುತ್ತೆ. ನಾಟಕದ ನಂತರದ ಸಂವಾದ ಹತ್ತು ನಿಮಿಷದಲ್ಲಿ "ಆ ಪಕ್ಷದವರನ್ನು ಯಾಕೆ ತೋರಿಸಲಿಲ್ಲ" ಅನ್ನುವಲ್ಲಿಗೆ ಬಂದು ನಿಲ್ಲುತ್ತೆ. ಅಭಿಪ್ರಾಯದ ಹಾಳೆ ಕೊಟ್ಟರೆ ಎಲ್ಲರೂ "ಚೆನ್ನಾಗಿತ್ತು" ಅಂತ ಬರೆದು ಕೊಡುತ್ತಾರೆ. ಇದರಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ತಿದ್ದಬೇಕು?

ಸೈಡ್‌ವಿಂಗ್:

ತಿದ್ದುವ ಮೊದಲು ಗುರುತು ಹಾಕಿಕೊಳ್ಳಿ. ರಂಗಪ್ರತಿಯ ಒಂದು ನಕಲು ಮತ್ತು ಪೆನ್ಸಿಲ್ ಕೊಟ್ಟು ಒಬ್ಬರನ್ನು ಕೊನೆಯ ಸಾಲಿನ ಮೂಲೆಯಲ್ಲಿ ಕೂರಿಸಿ. ಗಾಜಿನ ಹಿಂದಿರುವ ಲೈಟ್ಸ್ ಕೋಣೆಯಲ್ಲಿ ಬೇಡ, ಅಲ್ಲಿಗೆ ಸಣ್ಣ ನಗು ಕೇಳಿಸಲ್ಲ. ಆ ವ್ಯಕ್ತಿ ತಾಲೀಮು ನೋಡಿರಬಾರದು, ನೋಡಿದವರಿಗೆ ನಗು ಎಲ್ಲಿ ಬರಬೇಕು ಅನ್ನುವುದು ಮೊದಲೇ ತಲೆಯಲ್ಲಿರುತ್ತೆ. ಗುರುತು ಸರಳವಾಗಿರಲಿ: ನಗುವಿಗೆ ನ, ಚಪ್ಪಾಳೆಗೆ ಚ, ಕೆಮ್ಮಿಗೆ ಕೆ, ಫೋನಿನ ಬೆಳಕು ಕಂಡರೆ ಫೋ. ಇಡೀ ಸಭಾಂಗಣ ನಕ್ಕರೆ ಅಕ್ಷರಕ್ಕೆ ಸುತ್ತು ಹಾಕಲಿ, ಅಲ್ಲಲ್ಲಿ ನಕ್ಕರೆ ಬರೀ ಅಕ್ಷರ ಸಾಕು.

ನಗು ಎಷ್ಟು ಜೋರಾಗಿತ್ತು ಅನ್ನುವುದಕ್ಕಿಂತ ಯಾವ ಕ್ಷಣಕ್ಕೆ ಬಂತು ಅನ್ನುವುದು ಮುಖ್ಯ. ಮಾತಿನ ಕೊನೆಯ ಪದದ ಮೇಲೇ ಬಿದ್ದರೆ ಜನರಿಗೆ ಅರ್ಥವಾಗಿದೆ. ಎರಡು ಕ್ಷಣ ತಡವಾಗಿ, ಒಂದು ಮೂಲೆಯಿಂದ ಶುರುವಾದರೆ ಉಳಿದವರಿಗೆ ಸಂದರ್ಭ ಹಿಡಿದಿಲ್ಲ. ಮೌನದಲ್ಲೂ ಎರಡು ಬಗೆ ಇದೆ. ಕೆಮ್ಮಿಲ್ಲದ, ಕುರ್ಚಿ ಕಿರುಗುಟ್ಟದ ಮೌನ ಅಂದರೆ ಮನಸ್ಸಿಟ್ಟು ನೋಡುತ್ತಿದ್ದಾರೆ ಅಂತ. ಕೆಮ್ಮು, ಫೋನಿನ ಬೆಳಕು ಜೊತೆಗೆ ಬಂದರೆ ಆ ಪುಟ ಉದ್ದವಾಗಿದೆ ಅಂತ. ಕನಿಷ್ಠ ಮೂರು ಪ್ರದರ್ಶನಗಳ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೂರರಲ್ಲೂ ಅದೇ ಪುಟದಲ್ಲಿ ಗುರುತಿದ್ದರೆ ಮಾತ್ರ ಕೈಹಾಕಿ. ನಟರ ಬಂಧುಬಳಗವೇ ತುಂಬಿದ್ದ ಪ್ರದರ್ಶನವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ತಾಯಿಯ ದೃಶ್ಯದ ನಗುವಿಗೆ ಕಾರಣ ಬಹುಮಟ್ಟಿಗೆ ಅದಕ್ಕೂ ಮುಂಚಿನ ಎರಡು ನಿಮಿಷದಲ್ಲಿರುತ್ತೆ. ಇಂಥ ನಾಟಕಗಳಲ್ಲಿ ಆಗುವ ಸಾಮಾನ್ಯ ಎಡವಟ್ಟು ಇದು: ಮೊದಲರ್ಧದಲ್ಲಿ ನಗಿಸಲು ಬಳಸಿದ ಅದೇ ಫೋನ್ ರಿಂಗ್, ಅದೇ "ನಿಮಗೊಂದು ಸಂದೇಶವಿದೆ" ಅನ್ನುವ ಧ್ವನಿಮುದ್ರಿಕೆ ಇಲ್ಲೂ ಅಷ್ಟೇ ಜೋರಾಗಿ ಸ್ಪೀಕರಿನಲ್ಲಿ ಬರುತ್ತೆ. ಆ ಸದ್ದು ಕೇಳಿದರೆ ನಗಬೇಕು ಅಂತ ಜನರಿಗೆ ನೀವೇ ರೂಢಿ ಮಾಡಿಸಿದ್ದೀರಿ. ಸಭಾಂಗಣದ ಸ್ಪೀಕರ್ ಬಿಟ್ಟು, ತಾಯಿಯ ಕೈಯಲ್ಲಿರುವ ಫೋನಿನಿಂದಲೇ ಸಣ್ಣದಾಗಿ ಕೇಳಿಸಿ. ಹಿಂದಿನ ದೃಶ್ಯದ ಕೊನೆಯ ಜೋಕ್ ತೆಗೆದುಹಾಕಿ. ಬೆಳಕು ಬದಲಾಗಲು ಈಗ ಎರಡು ಸೆಕೆಂಡ್ ಇದ್ದರೆ ಏಳೆಂಟು ಸೆಕೆಂಡಿಗೆ ಎಳೆಯಿರಿ, ಜನರ ಉಸಿರು ಇಳಿಯಲು ಸಮಯ ಬೇಕು. ಮೂರನ್ನೂ ಒಂದೇ ದಿನ ಮಾಡಬೇಡಿ. ಒಂದು ಪ್ರದರ್ಶನಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಕೆಲಸ ಮಾಡಿದ್ದು ಯಾವುದು ಅಂತ ತಿಳಿಯಲ್ಲ.

ಎರಡನೇ ಗಂಟೆ:

ಮೇಲಿನ ಮಾತನ್ನು ಒಪ್ಪುತ್ತಲೇ ಒಂದು ತಕರಾರು. ಆ ನಗುವೆಲ್ಲ ತಪ್ಪು ನಗುವಲ್ಲ. ಮುಜುಗರದ ನಗು ಶುರುವಾದ ಒಂದು ಸೆಕೆಂಡಿನೊಳಗೆ ಕತ್ತರಿಸಿದ ಹಾಗೆ ನಿಂತು, ಹಿಂದೆಯೇ ದಟ್ಟ ಮೌನ ಬರುತ್ತೆ. ಹಾಗಿದ್ದರೆ ದೃಶ್ಯವನ್ನು ಮುಟ್ಟಲೇಬೇಡಿ. ನಗು ಅಕ್ಕಪಕ್ಕದವರಿಗೆ ಹರಡುತ್ತಿದ್ದರೆ ಮಾತ್ರ ಚಿಂತಿಸಿ.

ಹರಡುತ್ತಿದ್ದರೆ ಇನ್ನೊಂದು ಕಾರಣವನ್ನೂ ನೋಡಿ. ಧ್ವನಿಸಂದೇಶ ಪೆಟ್ಟಿಗೆಯನ್ನು ಬಳಸಿಯೇ ಇಲ್ಲದ ಪ್ರೇಕ್ಷಕರು ಈಗ ಬಹಳ. ಕಳ್ಳತನ ಹೇಗೆ ನಡೆಯುತ್ತೆ ಅಂತ ಕಣ್ಣಾರೆ ಕಾಣದಿದ್ದರೆ ತಾಯಿಯ ಸಂಕಟ ಅವರಿಗೆ ದಾಟುವುದಿಲ್ಲ. ಬ್ರಿಟನ್ನಿನ "ನ್ಯೂಸ್ ಆಫ್ ದ ವರ್ಲ್ಡ್" ಪತ್ರಿಕೆಯವರು ಹೀಗೇ ಧ್ವನಿಸಂದೇಶ ಕದ್ದು ಕೇಳಿದ ಹಗರಣದಲ್ಲಿ ನಡೆದ ಕ್ರಮವನ್ನು ಮೊದಲರ್ಧದಲ್ಲೇ ಅರ್ಧ ನಿಮಿಷ ಮಾಡಿ ತೋರಿಸಿ: ಒಬ್ಬ ಕರೆ ಮಾಡಿ ಲೈನ್ ಹಿಡಿದಿಡುತ್ತಾನೆ, ಇನ್ನೊಬ್ಬನ ಕರೆ ಸಂದೇಶ ಪೆಟ್ಟಿಗೆಗೆ ಹೋಗುತ್ತೆ, ಅವನು ಕಂಪನಿ ಮೊದಲಿಗೆ ಇಟ್ಟು ಯಾರೂ ಬದಲಿಸದ ನಾಲ್ಕಂಕಿಯ ಗುಪ್ತಸಂಖ್ಯೆ ಒತ್ತುತ್ತಾನೆ. ನಾಲ್ಕು ಸಲ ಬೆರಳು ಒತ್ತುವುದು ಹಿಂದಿನ ಸಾಲಿಗೂ ಕಾಣಬೇಕು.

ಪ್ರೇಕ್ಷಕರಿಗೆ ಎಷ್ಟು ಗೊತ್ತಿದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ಆ ಹಗರಣದ ಮೇಲಿನ "ಗ್ರೇಟ್ ಬ್ರಿಟನ್" ನಾಟಕವನ್ನೇ ನೋಡಿ. ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅದರ ತಾಲೀಮು ಗುಟ್ಟಾಗಿ ನಡೆಯಿತು. ನ್ಯಾಯಾಲಯದಲ್ಲಿ ಆ ಪತ್ರಿಕೆಯ ಮಾಜಿ ಸಂಪಾದಕ ಆಂಡಿ ಕೂಲ್ಸನ್ ತಪ್ಪಿತಸ್ಥ ಎಂಬ ತೀರ್ಪು ಬಂದದ್ದು 2014ರ ಜೂನ್ 24ಕ್ಕೆ, ನಾಟಕ ತೆರೆ ಕಂಡದ್ದು ಜೂನ್ 30ಕ್ಕೆ. ಆ ವಾರದ ಪ್ರೇಕ್ಷಕರಿಗೆ ಯಾವ ವಿವರಣೆಯೂ ಬೇಕಿರಲಿಲ್ಲ, ಸುಳಿವು ಕೊಟ್ಟರೆ ಸಾಕಿತ್ತು. ವರ್ಷಗಳು ಕಳೆದ ಮೇಲೆ ಅದೇ ಸುಳಿವು ಬರೀ ಮಾತಾಗಿ ಹೋಗುತ್ತೆ.

ಚಪ್ಪಾಳೆಯ ವಿಚಾರ. ಸಂಪಾದಕಿಯ ಮಾತು ಏರುಸ್ವರದ ಮೂರು ವಾಕ್ಯಗಳಲ್ಲಿ ಮುಗಿದು, ತಕ್ಷಣ ಬ್ಲ್ಯಾಕೌಟ್ ಆಗುತ್ತಾ? ಹಾಗಾದರೆ ಜನ ತಟ್ಟುತ್ತಿರುವುದು ಕತ್ತಲೆಗೆ ಮತ್ತು ನಟಿಯ ಸಾಮರ್ಥ್ಯಕ್ಕೆ, ವಾದಕ್ಕಲ್ಲ. ಒಂದು ಪ್ರದರ್ಶನದಲ್ಲಿ ಬ್ಲ್ಯಾಕೌಟ್ ಬಿಟ್ಟು, ಅವಳ ಕೊನೆಯ ಪದಕ್ಕೆ ಮುನ್ನವೇ ಇನ್ನೊಂದು ಪಾತ್ರ ಒಳಬರಲಿ. ಆಗಲೂ ಚಪ್ಪಾಳೆ ಬಂದರೆ ಅದು ವಾದಕ್ಕೇ ಬಿದ್ದದ್ದು. ಆದರೂ ಆ ಮಾತನ್ನು ದುರ್ಬಲಗೊಳಿಸಬೇಡಿ. "ಕೊಂಡು ಓದಿದವರು ನೀವೇ" ಅನ್ನುವ ಮಾತಿಗೆ ಪ್ರೇಕ್ಷಕರು ಕ್ಷಣಕಾಲವಾದರೂ ಒಲಿಯಬೇಕು, ಇಲ್ಲದಿದ್ದರೆ ಹಗರಣ ಬರೀ ನಾಲ್ಕು ಕೆಟ್ಟವರ ಕಥೆಯಾಗುತ್ತೆ.

ಚಾವಡಿ:

ಸಂವಾದದ ಬಗ್ಗೆ. ನಾಟಕಕಾರರಾಗಲಿ ನಿರ್ದೇಶಕರಾಗಲಿ ಅದನ್ನು ನಡೆಸಬಾರದು, ಹೊರಗಿನವರೊಬ್ಬರು ನಡೆಸಲಿ. ಹೊರಡುವವರು ಹೊರಡಲು ಐದು ನಿಮಿಷ ಬಿಡಿ, ಒಟ್ಟು 25 ನಿಮಿಷ ಮೀರಬೇಡಿ.

"ಹೇಗಿತ್ತು?" ಅಂತ ಶುರುಮಾಡಿದರೆ ತೀರ್ಪುಗಳೇ ಬರುತ್ತವೆ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ನಾಲ್ಕು ಹಂತದ ಕ್ರಮ ಇಲ್ಲಿ ಚೆನ್ನಾಗಿ ಒದಗುತ್ತೆ. ಮೊದಲು ಮನಸ್ಸಲ್ಲಿ ಉಳಿದದ್ದೇನು ಅಂತ ಪ್ರೇಕ್ಷಕರು ಹೇಳುತ್ತಾರೆ. ಆಮೇಲೆ ಕಲಾವಿದರು ತಮಗಿರುವ ಅನುಮಾನ ಕೇಳುತ್ತಾರೆ. ಮೂರನೆಯದಾಗಿ ಪ್ರೇಕ್ಷಕರು ಅಭಿಪ್ರಾಯ ತೂರಿಸದೆ ಪ್ರಶ್ನೆ ಕೇಳುತ್ತಾರೆ. ಕೊನೆಗೆ, ಕಲಾವಿದರು ಒಪ್ಪಿದರೆ ಮಾತ್ರ ಅಭಿಪ್ರಾಯ. ಮೂರನೇ ಹಂತವೇ ಕಷ್ಟದ್ದು. "ಆ ಪಕ್ಷವನ್ನು ಯಾಕೆ ಬಿಟ್ಟಿರಿ" ಅಂತ ಬಂದರೆ ನಡೆಸುವವರು "ಮಂತ್ರಿಯ ಪಕ್ಷ ಯಾವುದು ಅಂತ ನಿಮಗೆ ಯಾವ ದೃಶ್ಯದಲ್ಲಿ ಅನಿಸಿತು?" ಅಂತ ಮರಳಿ ಕೇಳಲಿ. ಮಾತು ರಂಗದ ಮೇಲಕ್ಕೆ ವಾಪಸ್ ಬರುತ್ತೆ. ಎಷ್ಟೋ ಸಲ ಒಂದು ಶಾಲಿನ ಬಣ್ಣವೋ ಒಂದು ಘೋಷಣೆಯೋ ಜಗಳಕ್ಕೆ ಕಾರಣವಾಗಿರುತ್ತೆ, ಅದನ್ನು ಬದಲಿಸುವುದು ಸುಲಭ.

ಹಾಳೆಯಲ್ಲಿ ಮೂರೇ ಪ್ರಶ್ನೆ ಇರಲಿ: ತಾಯಿಗೆ ನಿಜ ತಿಳಿದದ್ದು ಯಾರಿಂದ? ಯಾವಾಗ ಗಡಿಯಾರ ನೋಡಿಕೊಂಡಿರಿ? ಯಾರ ಮಾತು ನಂಬುವಂತಿತ್ತು? ಮೊದಲನೆಯದಕ್ಕೆ ಬಹಳ ಜನ ತಪ್ಪು ಉತ್ತರ ಬರೆದರೆ ಉಳಿದ ಉತ್ತರಗಳನ್ನು ಓದುವ ಮುನ್ನ ಕಥೆ ಹೇಳಿದ ರೀತಿಯನ್ನೇ ಸರಿಪಡಿಸಿ.

ಮುನ್ನೆಲೆ:

ತುಂಬಾ ಧನ್ಯವಾದ. ರಿಂಗಿನ ಸದ್ದು ಎರಡೂ ಕಡೆ ಒಂದೇ ಫೈಲು, ಸ್ಪೀಕರೂ ಅದೇ. ಕೊನೆಯ ಮಾತಿನ ಮೇಲೆ ಬ್ಲ್ಯಾಕೌಟೂ ಇದೆ. ಯಾವುದನ್ನು ಮೊದಲು ಬದಲಿಸಲಿ?

ಸೈಡ್‌ವಿಂಗ್:

ಸದ್ದು. ನಟರಿಗೆ ಹೊಸ ತಾಲೀಮು ಬೇಕಿಲ್ಲ, ಫೋನ್ ಹಿಡಿಯುವ ನಟಿಯ ಜೊತೆ ಒಂದು ಸಲ ಧ್ವನಿಯ ಮಟ್ಟ ನೋಡಿಕೊಂಡರೆ ಸಾಕು. ಆ ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ಮಧ್ಯಂತರದಲ್ಲಿ ಚಾರ್ಜ್ ನೋಡಿ. ಅದು ಕೈಕೊಟ್ಟರೆ ಹಾಕಲು ಹಳೆಯ ಫೈಲನ್ನು ಅರ್ಧ ಮಟ್ಟಕ್ಕೆ ಇಳಿಸಿ ಸೌಂಡಿನವರ ಬಳಿ ಸಿದ್ಧ ಇಟ್ಟಿರಿ.