‘ಸಮಘಾತ’ಕ್ಕೆ ಎರಡು ಅರ್ಥ: ಬೇರೆ ಪದ ಬಳಕೆಯಲ್ಲಿದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹಾಸನದಲ್ಲಿ ಬಿ.ಎಸ್‌ಸಿ. ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅರಕಲಗೂಡು, ಆಲೂರು ಕಡೆಯಿಂದ ಬರುವವರಲ್ಲಿ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು ಬಹಳ. ಅವರಿಗಾಗಿ ಅವಕಲ ಸಮೀಕರಣಗಳ (ಡಿಫರೆನ್ಷಿಯಲ್ ಈಕ್ವೇಶನ್) ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹೋಮೋಜೀನಿಯಸ್ ಎಂಬಲ್ಲಿಗೆ ಬಂದು ಪೆನ್ನು ನಿಂತಿದೆ.

ಇದಕ್ಕೆ ‘ಸಮಘಾತ’ ಎನ್ನುವ ರೂಢಿಯುಂಟು. ಮೊದಲ ದರ್ಜೆಯ (ಆರ್ಡರ್) ಸಮೀಕರಣಗಳಲ್ಲಿ ಅದು ಚೆನ್ನಾಗಿಯೇ ಹೊಂದುತ್ತದೆ. ಎಕ್ಸ್ ವರ್ಗ, ಎಕ್ಸ್‌ವೈ, ವೈ ವರ್ಗ, ಎಲ್ಲದರ ಘಾತವೂ ಎರಡೇ. ಆದರೆ ಎರಡನೇ ದರ್ಜೆಯ ರೇಖಾತ್ಮಕ ಸಮೀಕರಣದಲ್ಲಿ ಹೋಮೋಜೀನಿಯಸ್ ಎಂದರೆ ಬಲಭಾಗ ಸೊನ್ನೆ, ಅಷ್ಟೇ. ವೈ ಮತ್ತು ಅದರ ಅವಕಲಗಳ ಘಾತ ಮಾತ್ರ ನೋಡಿದರೆ ಇಲ್ಲೂ ‘ಸಮಘಾತ’ ಸರಿ ಎಂದು ವಾದಿಸಬಹುದು, ನಿಜ. ಆಗ ಎಕ್ಸ್‌ನ ಘಾತ ಎಣಿಸಬೇಡಿ ಎಂದು ಪ್ರತಿ ಸಲ ಹೇಳಬೇಕಾಗುತ್ತದೆ.

ಈ ಲೆಕ್ಕ ನೋಡಿ: ವೈ″ − 3ವೈ′ + 2ವೈ = ಇ ಪವರ್ ಎಕ್ಸ್. ಮೊದಲು ಬಲಭಾಗಕ್ಕೆ ಸೊನ್ನೆ ಹಾಕಿ ಬಿಡಿಸಿದರೆ ಸಹಾಯಕ ಸಮೀಕರಣದ ಮೂಲಗಳು 1 ಮತ್ತು 2. ಪೂರಕ ಫಲನದಲ್ಲಿ, ಅಂದರೆ ಬಲಭಾಗ ಸೊನ್ನೆಯಾದಾಗಿನ ಪರಿಹಾರದಲ್ಲಿ, ಇ ಪವರ್ ಎಕ್ಸ್, ಇ ಪವರ್ 2ಎಕ್ಸ್ ಎರಡೂ ಬರುತ್ತವೆ. ಇನ್ನು ಮೂಲ ಬಲಭಾಗಕ್ಕೆ ಹೊಂದುವ ವಿಶೇಷ ಪರಿಹಾರ. ಬಲಭಾಗವನ್ನು ನೋಡಿ ‘ಎ ಇ ಪವರ್ ಎಕ್ಸ್’ ಎಂದು ಊಹಿಸಿದರೆ ಎಡಭಾಗ ಪೂರ್ತಿ ಸೊನ್ನೆಯಾಗಿಬಿಡುತ್ತದೆ, ಅದು ಆಗಲೇ ಪೂರಕದಲ್ಲಿ ಕೂತಿದೆಯಲ್ಲ! ಎಕ್ಸ್‌ನಿಂದ ಗುಣಿಸಿ ಇಟ್ಟರೆ −ಎ = 1; ವಿಶೇಷ ಪರಿಹಾರ −ಎಕ್ಸ್ ಇ ಪವರ್ ಎಕ್ಸ್. ಇಷ್ಟೂ ಹೊತ್ತು ಕಣ್ಣಿರಬೇಕಾದದ್ದು ಬಲಭಾಗದ ಮೇಲೆ. ಬಲಭಾಗ ಸೊನ್ನೆಯಲ್ಲದ ಇಂಥದಕ್ಕೆ ‘ಅಸಮಘಾತ’ ಎಂದು ತಲೆಬರಹ ಕೊಟ್ಟರೆ ಮಕ್ಕಳು ಘಾತ ಹುಡುಕಲು ಹೋಗುತ್ತಾರೆ.

ಹೋಮೋಜೀನಿಯಸ್‌ಗೆ ‘ಸಮಜಾತೀಯ’ ಎನ್ನುವುದೂ ನನಗೆ ಒಪ್ಪಿಗೆಯಾಗುತ್ತಿಲ್ಲ; ಬಲಭಾಗದಲ್ಲಿ ಏನಿದೆ ಎಂಬುದನ್ನು ಅದು ಹೇಳುವುದೇ ಇಲ್ಲ. (ದರ್ಜೆಗೆ ‘ವರ್ಗ’ ಎನ್ನುವುದನ್ನು ಬೇಕೆಂದೇ ಬಿಟ್ಟಿದ್ದೇನೆ, ವರ್ಗಸಮೀಕರಣದ ಜೊತೆ ಕಲಸಿಹೋಗುತ್ತದೆ.)

ನನಗೆ ಹೊಳೆದದ್ದು ‘ಬಲಶೂನ್ಯ’. ಸ್ಪ್ರಿಂಗಿಗೆ ತೂಗುಬಿಟ್ಟ ತೂಕದ ಸಮೀಕರಣ ಬರೆದಾಗ ಬಲಭಾಗದಲ್ಲಿ ಕೂರುವುದು ಹೊರಗಿನ ಬಲವೇ. ಹಾಗಾಗಿ ‘ಬಲ’ದ ಎರಡು ಅರ್ಥವೂ ಅಲ್ಲಿ ಕೂಡಿಬರುತ್ತವೆ. ಆದರೆ ವಿದ್ಯುತ್ ಮಂಡಲದಲ್ಲಿ ಆ ಜಾಗಕ್ಕೆ ಬರುವುದು ವೋಲ್ಟೇಜಿಗೆ ಸಂಬಂಧಿಸಿದ್ದು, ಅದನ್ನು ಬಲ ಎನ್ನಲಾಗದು. ‘ಶಕ್ತಿಯಿಲ್ಲದ್ದು’ ಎಂಬ ಅರ್ಥವೂ ಮೊದಲಿಗೆ ಕಿವಿಗೆ ಬೀಳಬಹುದು. ಸೊನ್ನೆಯಲ್ಲದ್ದನ್ನು ‘ಬಲಸಹಿತ’ ಎನ್ನಬಹುದೇ? ಅಥವಾ ‘ಬಲಭಾಗ ಸೊನ್ನೆಯ ಸಮೀಕರಣ’ ಎಂದು ಬಿಡಿಸಿಯೇ ಬರೆಯಲೇ? ತರಗತಿಯಲ್ಲಿ ಇದನ್ನು ಕನ್ನಡದಲ್ಲಿ ಪಾಠ ಮಾಡಿದವರು ಏನು ಬಳಸಿದ್ದೀರಿ, ದಯವಿಟ್ಟು ಉದಾಹರಣೆ ಸಮೇತ ತಿಳಿಸಿ.