ಎರ್ಲಾಂಗ್ ಬಳಸಲು ಆಡಳಿತ ವರ್ಗವನ್ನು ಒಪ್ಪಿಸುವುದು ಹೇಗೆ?

ಪ್ರಶ್ನೆ:
ನಮ್ಮ ಸಂದೇಶ ರವಾನೆಯ ವ್ಯವಸ್ಥೆ ಪೂರ್ತಿಯಾಗಿ ಜಾವಾದಲ್ಲಿದೆ. ಲಕ್ಷಾಂತರ ಸಂಪರ್ಕಗಳು ಏಕಕಾಲಕ್ಕೆ ತೆರೆದಿರುವಾಗ ಗಾರ್ಬೇಜ್ ಕಲೆಕ್ಷನ್ (ಬಳಸಿ ಬಿಟ್ಟ ಮೆಮೊರಿಯನ್ನು ತೆರವು ಮಾಡುವ ಕೆಲಸ) ಆರಂಭವಾದರೆ ಎಲ್ಲ ಬಳಕೆದಾರರ ಸಂದೇಶಗಳೂ ಒಟ್ಟಿಗೆ ತಡವಾಗುತ್ತವೆ. ಸಂಪರ್ಕ ನಿರ್ವಹಣೆಯ ಭಾಗವನ್ನಾದರೂ ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯಬೇಕೆಂಬುದು ತಂಡದ ಅಭಿಪ್ರಾಯ. ವಾಟ್ಸ್‌ಆ್ಯಪ್ 2012ರಲ್ಲೇ ಒಂದೇ ಸರ್ವರಿನಲ್ಲಿ 20 ಲಕ್ಷ ಸಂಪರ್ಕಗಳನ್ನು ಎರ್ಲಾಂಗ್ ಮೂಲಕ ನಿಭಾಯಿಸಿದ್ದನ್ನು ಹೇಳಿದರೂ, "ನೀವು ಕೆಲಸ ಬಿಟ್ಟರೆ ಇದನ್ನು ನೋಡಿಕೊಳ್ಳುವವರು ಯಾರು?" ಎಂಬಲ್ಲಿಗೇ ಮಾತು ನಿಲ್ಲುತ್ತದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ:
ಅವರ ಪ್ರಶ್ನೆಯನ್ನು ಅಡ್ಡಿಯೆಂದು ಭಾವಿಸಬೇಡಿ, ಅದು ನ್ಯಾಯವಾದ ಪ್ರಶ್ನೆ. ಎರ್ಲಾಂಗ್ ಹುಟ್ಟಿದ ಎರಿಕ್ಸನ್ ಎಂಬ ದೂರಸಂಪರ್ಕ ಸಂಸ್ಥೆಯ ರೇಡಿಯೊ ವಿಭಾಗವೇ 1998ರಲ್ಲಿ ಹೊಸ ಉತ್ಪನ್ನಗಳಲ್ಲಿ ಅದರ ಬಳಕೆಯನ್ನು ನಿಷೇಧಿಸಿತ್ತು. ತಮ್ಮೊಬ್ಬರದೇ ಭಾಷೆಯನ್ನು ಸಾಕುವುದಕ್ಕಿಂತ ಹೊರಗೆ ಬಳಕೆಯಲ್ಲಿರುವ ಭಾಷೆ ಲೇಸು ಎಂಬುದು ಅಲ್ಲಿನ ವಾದವಾಗಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಎರ್ಲಾಂಗ್ ಮುಕ್ತ ತಂತ್ರಾಂಶವಾದದ್ದರಿಂದಲೇ ಇಂದು ನಾವು ಅದರ ಬಗ್ಗೆ ಚರ್ಚಿಸುತ್ತಿದ್ದೇವೆ. ಆದ್ದರಿಂದ ಭಾಷೆಯ ಗುಣಗಾನವನ್ನು ಬದಿಗಿಟ್ಟು, ತಡವಾಗುವ ಸಂದೇಶಗಳಿಂದ ಸಂಸ್ಥೆಗೆ ಆಗುತ್ತಿರುವ ನಷ್ಟವನ್ನು ಅಳೆದು ತೋರಿಸಿ. ಎರ್ಲಾಂಗ್‌ನಲ್ಲಿ ಪ್ರತಿ ಸಂಪರ್ಕಕ್ಕೂ ಕೆಲವೇ ಕಿಲೋಬೈಟ್‌ಗಳ ಪ್ರತ್ಯೇಕ ಪ್ರೊಸೆಸ್ (ಸ್ವತಂತ್ರವಾಗಿ ನಡೆಯುವ ಪುಟ್ಟ ಕಾರ್ಯಘಟಕ) ಮತ್ತು ಅದಕ್ಕೇ ಮೀಸಲಾದ ಹೀಪ್ (ದತ್ತಾಂಶ ಇಡುವ ಮೆಮೊರಿ) ಇರುವುದರಿಂದ, ಒಂದರ ಗಾರ್ಬೇಜ್ ಕಲೆಕ್ಷನ್ ಇನ್ನೊಂದನ್ನು ತಡೆಯುವುದಿಲ್ಲ. ಒಂದು ಕುಸಿದರೆ, ಪ್ರೊಸೆಸ್‌ಗಳ ಮೇಲೆ ನಿಗಾ ಇಡುವ ಸೂಪರ್‌ವೈಸರ್ ಅದನ್ನಷ್ಟೇ ಮರಳಿ ಆರಂಭಿಸುತ್ತದೆ. ನಿಮ್ಮ ಸಮಸ್ಯೆಗೆ ನೇರವಾಗಿ ಸಂಬಂಧಿಸಿದ ಗುಣ ಇದೊಂದೇ, ಹೇಳಬೇಕಾದದ್ದೂ ಇಷ್ಟೇ.

ಇನ್ನೊಂದು ಉತ್ತರ:
ಮೇಲಿನ ಮಾತನ್ನು ಒಪ್ಪುತ್ತೇನೆ. ಆದರೆ ಅದಕ್ಕೂ ಮೊದಲು ಜಾವಾದಲ್ಲೇ ಪರಿಹಾರವಿದೆಯೇ ಎಂದು ಪ್ರಾಮಾಣಿಕವಾಗಿ ಪರೀಕ್ಷಿಸಬೇಕು. ಜಾವಾ 15ರಿಂದ ಬಳಕೆಗೆ ಸಿದ್ಧವಾಗಿರುವ ಝಡ್‌ಜಿಸಿ ಎಂಬ ಗಾರ್ಬೇಜ್ ಕಲೆಕ್ಟರ್ ಈ ತಡೆಗಳನ್ನು ಬಹಳ ಮಟ್ಟಿಗೆ ಕಡಿಮೆ ಮಾಡುತ್ತದೆ. 2023ರಲ್ಲಿ ಬಂದ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್‌ಗಳೂ (ಬಹು ಸಂಖ್ಯೆಯಲ್ಲಿ ನಡೆಸಬಲ್ಲ ಹಗುರ ಥ್ರೆಡ್‌ಗಳು) ಇವೆ. ಇವನ್ನು ಪ್ರಯತ್ನಿಸದೆ ಹೊಸ ಭಾಷೆ ಕೇಳಿದರೆ, ಸಭೆಯಲ್ಲಿ ಯಾರಾದರೂ ಕೇಳುವ ಮೊದಲ ಪ್ರಶ್ನೆಗೇ ನಿಮ್ಮ ಬಳಿ ಉತ್ತರವಿರುವುದಿಲ್ಲ. ಪ್ರಯತ್ನಿಸಿಯೂ ಸಾಲದಾದರೆ, ಆ ಅಳತೆಗಳಷ್ಟು ಗಟ್ಟಿಯಾದ ವಾದ ಬೇರೊಂದಿಲ್ಲ.

ಮತ್ತೊಂದು ಉತ್ತರ:
ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಗೆ ಬರುತ್ತೇನೆ. ಒಳ್ಳೆಯ ಪ್ರೋಗ್ರಾಮರ್‌ಗಳಿಗೆ ಎರ್ಲಾಂಗ್‌ನ ವ್ಯಾಕರಣ ಬೇಗ ಒಗ್ಗುತ್ತದೆ. ಸಮಯ ಹಿಡಿಯುವುದು ನಡುರಾತ್ರಿ ಸರ್ವರ್ ತೊಂದರೆ ಕೊಟ್ಟಾಗ ಎಲ್ಲಿ ನೋಡಬೇಕೆಂಬ ಅರಿವು. ಉದಾಹರಣೆಗೆ, ಪ್ರೊಸೆಸ್‌ಗೆ ಬಂದ ಸಂದೇಶಗಳು ಸಾಲುಗಟ್ಟುವ ಮೇಲ್‌ಬಾಕ್ಸ್‌ಗೆ ತಾನಾಗಿ ಮಿತಿಯಿಲ್ಲ. ನಿಧಾನವಾದ ಒಂದೇ ಪ್ರೊಸೆಸ್‌ಗೆ ಸಂದೇಶಗಳು ರಾಶಿ ಬಿದ್ದರೆ ಇಡೀ ನೋಡ್‌ನ (ಚಾಲನೆಯಲ್ಲಿರುವ ಎರ್ಲಾಂಗ್ ವ್ಯವಸ್ಥೆಯ) ಮೆಮೊರಿ ತುಂಬಿಹೋಗಬಹುದು. ಇಂಥವನ್ನು ಗುರುತಿಸಬಲ್ಲವರು ತಂಡದಲ್ಲಿ ಕನಿಷ್ಠ ಮೂವರಾದರೂ ಇರಲಿ, ಅವರ ತರಬೇತಿಯ ವೆಚ್ಚವೂ ಪ್ರಸ್ತಾವದಲ್ಲೇ ಇರಲಿ. ಸಂಪರ್ಕ ನಿರ್ವಹಣೆಯನ್ನು ಪ್ರತ್ಯೇಕ ಸೇವೆಯಾಗಿ ಬರೆದು, ಸ್ವಲ್ಪ ಪಾಲಿನ ಬಳಕೆದಾರರನ್ನು ಮಾತ್ರ ಅದಕ್ಕೆ ತಿರುಗಿಸಿ. ಹಳೆಯ ಜಾವಾ ದಾರಿ ಹಾಗೆಯೇ ಚಾಲನೆಯಲ್ಲಿರಲಿ. ಯಾವ ಅಳತೆ ತಪ್ಪಿದರೆ ಅದಕ್ಕೆ ಮರಳುತ್ತೀರಿ ಎಂಬುದನ್ನು ಮೊದಲೇ ಬರೆದುಕೊಡಿ.