ಸಹಾಯ ಬೇಕು: ಕಡಿಮೆ ಖರ್ಚಿನ ಗೇಮಿಂಗ್ ಕಂಪ್ಯೂಟರಿಗೆ ಬಿಡಿಭಾಗಗಳ ಆಯ್ಕೆ

ಮಾನ್ಯರೇ, ಪ್ಲಸ್ ಟು ಮುಗಿಸಿದ ತಮ್ಮನಿಗಾಗಿ, ಮಾನಿಟರ್ ಹೊರತುಪಡಿಸಿ 60,000 ರೂಪಾಯಿಯೊಳಗೆ, 1080ಪಿ ಆಟಗಳಿಗೆ ಸಾಕಾಗುವ ಕಂಪ್ಯೂಟರನ್ನು ಬದಿಯಡ್ಕದ ನಮ್ಮ ಮನೆಯಲ್ಲೇ ಜೋಡಿಸಬೇಕೆಂದಿದ್ದೇನೆ. ರೈಜನ್ 5 5600 ಪ್ರೊಸೆಸರ್, 16 ಜಿಬಿ ಡಿಡಿಆರ್4 ರ‍್ಯಾಮ್ ಹಾಗೂ 8 ಜಿಬಿಯ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡನ್ನು ಬಹುತೇಕ ನಿಶ್ಚಯಿಸಿದ್ದೇನೆ. ಗೊಂದಲವಿರುವುದು ಮದರ್‌ಬೋರ್ಡಿನ ಬಗ್ಗೆ. ಬಿ450 ಅಗ್ಗವಾದರೂ ಅದರಲ್ಲಿ ಗ್ರಾಫಿಕ್ಸ್ ಕಾರ್ಡನ್ನು ಬೋರ್ಡಿಗೆ ಸೇರಿಸುವ ಪಿಸಿಐಇ ಸಂಪರ್ಕದ ಹಳೆಯ 3.0 ಆವೃತ್ತಿ ಮಾತ್ರ ಇರುವುದರಿಂದ, ಮಾಹಿತಿ ಸಾಗುವ ಎಂಟೇ ಲೇನ್‌ಗಳನ್ನು ಬಳಸುವ ಈ ಕಾರ್ಡಿನ ವೇಗ ಕೆಲವು ಆಟಗಳಲ್ಲಿ ಕುಗ್ಗೀತೆಂಬ ಅಳುಕಿದೆ. ಪಿಸಿಐಇ 4.0 ಇರುವ ಬಿ550ಕ್ಕೆ ಹೆಚ್ಚು ಹಣ ಕೊಡುವಷ್ಟು ವ್ಯತ್ಯಾಸ ಆಡುವಾಗ ಕಾಣುತ್ತದೆಯೇ ಎಂಬುದನ್ನು ಬಳಸಿದವರು ದಯವಿಟ್ಟು ತಿಳಿಸಬೇಕು. ಡಿಡಿಆರ್5 ರ‍್ಯಾಮ್ ಕಡ್ಡಾಯವಾದ, ಹೊಸ ರೈಜನ್‌ಗಳ ಎಎಂ5 ಸಾಕೆಟ್ಟಿನ ಬೋರ್ಡು ನಮ್ಮ ಕೈಗೆಟಕದು. ಮಳೆಗಾಲದ ಸಿಡಿಲು, ವೋಲ್ಟೇಜ್ ಏರಿಳಿತಗಳ ಭಯದಿಂದ (ಗುಡುಗಿದೊಡನೆ ಪ್ಲಗ್ ಕಳಚುವುದು ನಮ್ಮಲ್ಲಿ ರೂಢಿಯೇ) ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಮಾಡಲಾರೆ. 132 ವಾಟ್‌ನ ಈ ಕಾರ್ಡಿಗೆ 550 ವಾಟ್‌ನದು ಸಾಕೇ? ಮಂಗಳೂರಿನಲ್ಲಿ ಕೊಂಡವರು ವಾರಂಟಿಯ ಅನುಭವವನ್ನೂ ಬರೆದರೆ ಉಪಕಾರವಾಗುತ್ತದೆ.